ಗೊಡ್ಡು ಕುರಿಯ ಕಿವಿ

ಕಡೂರು
18 ಜನವರಿ 2025

ತಂಗಿ ಸುಮನಾಳಿಗೆ,

ಮೊದಲು ಖರ್ಚು ಬರೆದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ನನ್ನ ಕೆಳದವಡೆ ಎರಡು ಕಡೆ ಮುರಿದಿದೆ. ಬಲಗಡೆಯ ನಾಲ್ಕು ಹಲ್ಲು ಅಂಗಡಿಯ ಮೆಟ್ಟಿಲ ಮೇಲೆ ಉಳಿದವು. ಅಂಗಡಿಯಲ್ಲಿ ಗಾಜು ಅನ್ನುವುದು ಒಂದೂ ಇಲ್ಲ. ಯಗಟಿ ಲಕ್ಕಣ್ಣನ ಮಂದೆಯಲ್ಲಿ ಗಬ್ಬವಾಗಿದ್ದ ಕುರಿ ಅಷ್ಟೂ ಸತ್ತವು. ಹೊಟ್ಟೆಯೊಳಗಿನವನ್ನು ಬೇರೆ ಎಣಿಸಬೇಕು. ಅವನ ಮಗ ಕನಕರಾಜು ಜೈಲಿನಲ್ಲಿದ್ದಾನೆ. ಇಷ್ಟೂ ಒಂದು ಹಾಳೆಯ ಖರ್ಚು. ಆ ಹಾಳೆಯ ಮೇಲೆ ನಿನ್ನ ಹೆಸರಿದೆ.

ಫೋನ್ ಬಿಟ್ಟು ಕಾಗದ ಏಕೆಂದರೆ, ಡಾಕ್ಟರು ನನ್ನ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ತಂತಿಯಲ್ಲಿ ಬಿಗಿದಿದ್ದಾರೆ. ಗೂಡ್ಸ್ ಶೆಡ್ಡಿನಲ್ಲಿ ಹಿಂಡಿ ಮೂಟೆ ಹೊರುತ್ತಿದ್ದವನು ಕಡೂರು, ತರೀಕೆರೆ, ಅಜ್ಜಂಪುರ ಮೂರಕ್ಕೂ ಡೀಲರ್ ಆದದ್ದು ಬಾಯಿಯಿಂದ. ಈಗ ಆ ಬಾಯಿಗೇ ಬೀಗ. ಗಂಜಿಯನ್ನೂ ಸ್ಟ್ರಾದಲ್ಲಿ ಎಳೆಯುತ್ತೇನೆ. ಅವ್ವ ಹೋದಾಗ ನಾವಿಬ್ಬರೂ ಆಡಿಕೊಂಡ ಮಾತಿನ ಮೇಲೆ ನೀನು ನನ್ನ ಫೋನ್ ಎತ್ತುತ್ತಿದ್ದೆಯೋ ಇಲ್ಲವೋ, ಅದು ಬೇರೆ.

ನಾನು ಮಾರುವ ಔಷಧಿಗಳಲ್ಲಿ ‘ಮೇಷಬಲ’ ಅಂತ ಒಂದು, ಕುರಿಯ ಜಂತುಹುಳಕ್ಕೆ. ಗಬ್ಬದ ಕುರಿಗೆ ಕುಡಿಸಬಹುದೋ ಬಾರದೋ ಅಂತ ಕುರಿಯವರೆಲ್ಲ ಹಿಂದೆಮುಂದೆ ನೋಡುತ್ತಿದ್ದರು. ಕಂಪನಿಯ ಏರಿಯಾ ಮ್ಯಾನೇಜರ್ ಕಾಂತರಾಜು ಒಂದು ಹಾಳೆ ತಂದುಕೊಟ್ಟ. ಗಬ್ಬದ ಕುರಿಗೂ ಅಪಾಯವಿಲ್ಲ ಅಂತ ದುಶ್ಯಂತ್ ಎಂಬ ಡಾಕ್ಟರು ಪರೀಕ್ಷೆ ಮಾಡಿ ಬರೆದದ್ದಂತೆ. ಇಂಗ್ಲಿಷು. ನಾನು ಓದಿದ್ದು ಒಂದೇ ಸಾಲು: ಸಂಪಾದಕಿ, ಡಾ. ಸುಮನಾ. ಲ್ಯಾಮಿನೇಷನ್ ಮಾಡಿಸಿ ಗಲ್ಲಾ ಪೆಟ್ಟಿಗೆಯ ಮೇಲೆ, ಮಠದ ಸ್ವಾಮಿಗಳ ಫೋಟೋ ಪಕ್ಕ ನೇತುಹಾಕಿದೆ. ಮಾತು ಬಿಟ್ಟ ತಂಗಿಯಾದರೂ ಹೆಸರು ಅಪ್ಪ ಇಟ್ಟದ್ದಲ್ಲವೇ. ಲಕ್ಕಣ್ಣ ಬಂದು ಅದನ್ನು ನೋಡಿ, “ನಮ್ ಸುಮನವ್ವ ಬರ್ದೈತಾ? ಹಂಗಾರೆ ಕೊಡ್ರಿ” ಅಂದ.

ಸೋಮವಾರ ಹತ್ತು ಗಂಟೆಯ ಬಿಸಿಲಿಗೆ ಕನಕರಾಜು ಟ್ರ್ಯಾಕ್ಟರ್ ತಂದು ಅಂಗಡಿ ಮುಂದೆ ಟ್ರೈಲರ್ ಎತ್ತಿದ. ಸತ್ತ ಕುರಿಗಳು ಒಂದರ ಮೇಲೊಂದು ಜಾರಿದವು. ಅರ್ಧ ಈದು ನಿಂತವೂ ಇದ್ದವು, ಮರಿಯ ಕಾಲು ಹೊರಗೆ. ಬಸ್ ಕಾಯುತ್ತಿದ್ದವರು ಮೂಗು ಮುಚ್ಚಿಕೊಂಡು ಹತ್ತಿರ ಬಂದರು.

“ಎಣಿಸ್ಕೊಳ್ಳೋ ಸಾವ್ಕಾರ. ನಿನ್ ತಂಗಿ ಬರ್ದಿರೋ ಲೆಕ್ಕಕ್ಕೆ ಸರಿ ಐತಾ ನೋಡು.”

“ಲೇ ಕನಕಾ, ನಿಧಾನ ಕಣೋ. ಕಂಪನಿಗೆ ಹೇಳ್ತೀನಿ.”

“ಕಂಪನಿ ಇರೋದು ನಿನ್ ಬಾಯಾಗಲ್ವಾ? ಅಲ್ಲೇ ಹೇಳ್ತೀನಿ ಬಾ.”

ಹಾರೆ ಬೀಸಿದ್ದು ಕಂಡಿತು, ಬಿದ್ದದ್ದು ಕಾಣಲಿಲ್ಲ. ಒಣಗಿದ ತೆಂಗಿನ ಗರಿ ಮುರಿದ ಹಾಗೆ ಸದ್ದಾಯಿತು. ಎರಡನೇ ಏಟು ಗೋಡೆಯ ಮೇಲಿದ್ದ ನಿನ್ನ ಹೆಸರಿಗೆ. ಲ್ಯಾಮಿನೇಷನ್ ಗಟ್ಟಿ, ಅದು ಮುರಿಯಲಿಲ್ಲ.

ಈಗ ಕೇಳುವುದು ಒಂದೇ. ಆ ಹಾಳೆಯಲ್ಲಿರುವುದು ನಿಜವೇ? ಮುಂಗಾರಿಗೆ ಮುಂಚೆ ಎಲ್ಲರೂ ಜಂತಿನ ಔಷಧಿ ಕುಡಿಸುತ್ತಾರೆ. ತರೀಕೆರೆ, ಅಜ್ಜಂಪುರದ ಅಂಗಡಿಗಳಲ್ಲಿ ಮಾಲು ಇದೆ, ಅಲ್ಲಿಯೂ ಆ ಹಾಳೆ ನೇತಾಡುತ್ತಿದೆ.

ಇಂತಿ ನಿನ್ನ ಅಣ್ಣ,
ಓಂಕಾರಮೂರ್ತಿ

*

ಕಾಲೇಜು ಕ್ವಾರ್ಟರ್ಸ್
5 ಫೆಬ್ರವರಿ 2025

ಓಂಕಾರಮೂರ್ತಿಯವರಿಗೆ,

ನಿಮ್ಮ ಕಾಗದ ಬಂತು. ದವಡೆ ಬೇಗ ಕೂಡಲಿ.

ನಿಜವೇ ಎಂದು ಕೇಳಿದ್ದೀರಿ. ನಾನು ಸಂಪಾದಿಸುವ ಪಶುವೈದ್ಯ ಜರ್ನಲ್ಲಿನಲ್ಲಿ ಒಂದು ಪ್ರಬಂಧ ಅಚ್ಚಾಗುವ ಮೊದಲು ಅದನ್ನು ಇಬ್ಬರು ಹೊರಗಿನವರಿಗೆ ಓದಲು ಕೊಡುತ್ತೇವೆ. ಅವರು ಒಪ್ಪಬೇಕು. ಬರೆದವರು, ತಮಗೆ ಆ ಔಷಧಿಯ ಕಂಪನಿಯಿಂದ ಏನೂ ಬರುತ್ತಿಲ್ಲ ಎಂದು ಬರೆದುಕೊಡಬೇಕು. ಹಿತಾಸಕ್ತಿ ಸಂಘರ್ಷ ಇಲ್ಲ ಎನ್ನುವ ಒಂದು ಸಾಲು. ದುಶ್ಯಂತ್ ಅದನ್ನು ಕೊಟ್ಟಿದ್ದರು. ಓದಿದ ಇಬ್ಬರಲ್ಲಿ ಒಬ್ಬರ ಹೆಸರನ್ನು ಅವರೇ ಸೂಚಿಸಿದ್ದರು. ಅವರು ದುಶ್ಯಂತರ ಹೆಂಡತಿಯ ತಮ್ಮ ಎಂದು ನನಗೆ ಮೊನ್ನೆ ತಿಳಿಯಿತು. ಕೇಳಬೇಕಾಗಿದ್ದವಳು ನಾನು. ಕೇಳಲಿಲ್ಲ.

ನೀವು ಆ ಔಷಧಿಯ ಡೀಲರ್ ಎನ್ನುವುದೂ ನನಗೆ ಗೊತ್ತಿರಲಿಲ್ಲ. ನಮ್ಮ ನಡುವೆ ಗೊತ್ತಾಗುವ ದಾರಿ ಇರಲಿಲ್ಲ.

ಪೂರ್ತಿ ಪ್ರಬಂಧ ಇದರ ಜೊತೆ ಇಟ್ಟಿದ್ದೇನೆ. ಪರೀಕ್ಷೆ ನಡೆದದ್ದು ಕಡೂರು ತಾಲ್ಲೂಕಿನಲ್ಲಿ ಎಂದಿದೆ. ಮೂರನೇ ಚಿತ್ರದಲ್ಲಿ ಒಂದು ಕುರಿಯಿದೆ, ಕೆಳಗೆ ‘ನಾಲ್ಕು ತಿಂಗಳ ಗಬ್ಬ’ ಎಂದು ಬರೆದಿದೆ. ಅದು ಯಾರ ಮಂದೆಯದು ಎಂದು ವಿಚಾರಿಸಿ ತಿಳಿಸಿ. ಗೋಡೆಯ ಮೇಲಿನ ಹಾಳೆಯನ್ನು ಇವತ್ತೇ ತೆಗೆಸಿ.

ಸುಮನಾ

*

ಕಡೂರು
21 ಫೆಬ್ರವರಿ 2025

ಸುಮನಾ,

‘ಓಂಕಾರಮೂರ್ತಿಯವರಿಗೆ.’ ಹಾರೆಗಿಂತ ಇದು ಚೆನ್ನಾಗಿ ಬಿತ್ತು ಬಿಡು.

ಕಳ್ಳನ ಭಾವಮೈದುನನೇ ಪಂಚಾಯ್ತಿಗೆ ಕೂತಿದ್ದ ಅಂತಾಯಿತು. ನಿಮ್ಮ ಓದಿದವರ ಊರಿನಲ್ಲೂ ಕಟ್ಟೆ ಒಂದೇ, ಜಗಲಿ ಮಾತ್ರ ಗ್ರಾನೈಟು.

ನನ್ನ ಗೋಡೆಯ ಹಾಳೆ ತೆಗೆದೆ, ಬೇರೆ ಅಂಗಡಿಯವರು ಕಂಪನಿ ಹೇಳದೆ ತೆಗೆಯುವುದಿಲ್ಲ ಅಂತಾರೆ. ವಿಚಾರಿಸುವುದು ಏನೂ ಇರಲಿಲ್ಲ. ಪರೀಕ್ಷೆಗೆ ಮಂದೆ ಹೊಂದಿಸಿಕೊಟ್ಟವನು ನಾನೇ. ದುಶ್ಯಂತ್ ಕಂಪನಿಯ ಕಾರಿನಲ್ಲಿ ಬಂದರು. ಲಕ್ಕಣ್ಣನಿಗೆ ಔಷಧಿ ಪುಕ್ಕಟೆ, ಹಟ್ಟಿಗೆ ಒಂದು ಸೋಲಾರ್ ದೀಪ. ನನಗೆ ಥೈಲ್ಯಾಂಡ್ ಪ್ರವಾಸ. ಸಮುದ್ರದ ದಡದಲ್ಲಿ ನಾನೂ ದುಶ್ಯಂತೂ ನಿಂತ ಫೋಟೋ ಇದೆ, ಇಬ್ಬರ ಬನಿಯನ್ ಮೇಲೂ ಕಂಪನಿಯ ಹೆಸರು. ರಾತ್ರಿ ಊಟಕ್ಕೆ ಮುಂಚೆ ಅವರನ್ನು ವೇದಿಕೆಗೆ ಕರೆದು, ‘ನಮ್ಮ ಸಲಹೆಗಾರರು’ ಅಂತ ಶಾಲು ಹೊದಿಸಿದರು. ನಿನಗೆ ‘ಏನೂ ಬರುತ್ತಿಲ್ಲ’ ಅಂತ ಬರೆದುಕೊಟ್ಟದ್ದು, ನೀನು ಕಳಿಸಿದ ಪ್ರಬಂಧದ ತಾರೀಖು ನೋಡಿದರೆ, ಅದರ ಮುಂದಿನ ತಿಂಗಳು.

ಇನ್ನು ಚಿತ್ರ ಮೂರು. ಅದನ್ನು ನೋಡಿ ನಗು ಬಂತು, ತಂತಿ ಎಳೆದು ಕಣ್ಣಲ್ಲಿ ನೀರೂ ಬಂತು. ಲಕ್ಕಣ್ಣನ ಹತ್ತಿರ ಹೋಗಿ ಹಾಳೆ ತೋರಿಸಿದೆ. ಅರ್ಧ ಖಾಲಿಯಾದ ಕುರಿರೊಪ್ಪದಲ್ಲಿ ಒಬ್ಬನೇ ಕೂತಿದ್ದ.

“ಇದು ಗಬ್ಬನಾ?” ಅಂದ. “ಇದು ಗೊಡ್ಡು ಕಣ್ರೀ ಓಂಕಾರಣ್ಣ. ಹುಟ್ಟಿದಾಗ್ಲಿಂದ ಒಂದ್ ಮರೀನೂ ಹಾಕಿಲ್ಲ. ಗಬ್ಬದ್ದನ್ನ ಪರರ ಕೈಗೆ ಮುಟ್ಟಿಸೋ ಪದ್ಧತಿ ನಮ್ಮಲ್ಲೈತಾ? ದೃಷ್ಟಿ ಆಗಲ್ವಾ? ಗಬ್ಬದವನ್ನೆಲ್ಲ ಚೌಳಹಿರಿಯೂರಿನ ಕಡೆ ಹೊಡೆದು, ಬರಡು, ಗೊಡ್ಡು ಅಷ್ಟನ್ನೂ ಮುಂದೆ ನಿಲ್ಲಿಸ್ದೆ.”

“ಮತ್ತೆ ಅವ್ರಿಗೆ ಗೊತ್ತಾಗ್ಲಿಲ್ವಾ?” ತಂತಿಯ ಸಂದಿಯಿಂದಲೇ, ಪಕ್ಕದಲ್ಲಿ ಕೂತವನಿಗೆ ಕೇಳುವಷ್ಟು ಗುಸುಗುಟ್ಟಿದೆ.

“ಹೊಟ್ಟೆ ಹಿಸುಕಿ ನೋಡ್ದ, ನನ್ ಮುಖ ನೋಡ್ದ. ‘ಆಯ್ತು ಬಿಡಯ್ಯ’ ಅಂದ.”

“ಅಯ್ಯೋ ಪುಣ್ಯಾತ್ಮ! ಗಬ್ಬದ ಕುರಿ ನೀನೇ ಕೊಟ್ಟಿಲ್ಲ ಅಂದ್ಮೇಲೆ, ಅಪಾಯ ಇಲ್ಲ ಅಂತ ಬರ್ದಿದ್ದನ್ನ ಹೆಂಗೆ ನಂಬ್ದೆ?”

“ಬ್ಯಾರೆ ಊರ್ನಾಗೂ ನೋಡಿರ್ತಾರೆ ಅನ್ಕಂಡೆ. ಸುಮನವ್ವನ ಹೆಸ್ರು ಇತ್ತಲ್ಲ.”

ಈಗ ಆ ಕುರಿಯ ಎಡಗಿವಿ ನೋಡು. ತುದಿಯಲ್ಲಿ ಕಾಜಾಣ ಹಕ್ಕಿಯ ಬಾಲದ ಹಾಗೆ ಕವಲು ಕಚ್ಚು. ಗುರುತು ಸಿಗಲಿಲ್ಲವೇ? ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅಪ್ಪ ಒಂದು ಹೆಣ್ಣು ಕುರಿಯ ಕಿವಿಗೆ ಆ ಕಚ್ಚು ಹಾಕಿಸಿ, ನಿನ್ನ ಹೆಸರಲ್ಲಿ ಲಕ್ಕಣ್ಣನ ಅಪ್ಪನಿಗೆ ಪಾಲಿಗೆ ಬಿಟ್ಟಿದ್ದ. ಹುಟ್ಟಿದ ಮರಿಯಲ್ಲಿ ಅರ್ಧ ಸಾಕಿದವರಿಗೆ, ಅರ್ಧ ನಿನಗೆ. ನಿನ್ನ ಪಾಲಿನವಕ್ಕೆಲ್ಲ ಅದೇ ಕಚ್ಚು. ನೀನು ಮಾತು ಬಿಟ್ಟೆ. ಕುರಿಗಳು ಮರಿ ಹಾಕುವುದನ್ನು ಬಿಡಲಿಲ್ಲ. ಸತ್ತವುಗಳಲ್ಲೂ ನಿನ್ನ ಕಚ್ಚಿನವು ಇದ್ದವು. ಈ ಗೊಡ್ಡು ಮಾತ್ರ ಉಳಿದಿದೆ. ಅದಕ್ಕೆ ಗಬ್ಬವೇ ಇಲ್ಲ, ಔಷಧಿ ಏನು ಮಾಡೀತು?

ಅಂದರೆ ನಿನ್ನ ಜರ್ನಲ್ಲಿನ ಸುಳ್ಳಿಗೆ ಸಾಕ್ಷಿ ನಿನ್ನ ಕುರಿಯೇ. ಇನ್ನೇನು ಬೇಕು? ಬೀಸು ಮಚ್ಚು.

ನಿನ್ನ ಅಣ್ಣ,
ಓಂಕಾರಮೂರ್ತಿ

*

ಕಾಲೇಜು ಕ್ವಾರ್ಟರ್ಸ್
9 ಮಾರ್ಚ್ 2025

ಅಣ್ಣಾ,

ಆ ಚಿತ್ರವನ್ನು ನಾನು ಅಚ್ಚಿಗೆ ಮುಂಚೆ ಎಷ್ಟೋ ಸಲ ನೋಡಿದ್ದೆ. ನೆರಳು ಜಾಸ್ತಿಯಾಗಿದೆ, ಸರಿಮಾಡಿ ಎಂದು ಬರೆದಿದ್ದೆ. ಕಿವಿ ನೋಡಲಿಲ್ಲ.

ಮಚ್ಚು ಬೀಸು ಎಂದಿದ್ದೀಯ. ಅದು ನನ್ನ ಕೈಯಲ್ಲಿ ಇರಬಾರದು. ಸತ್ತ ಕುರಿಗಳಲ್ಲಿ ನನ್ನವೂ ಇವೆ. ಔಷಧಿ ಮಾರಿದವನು ನನ್ನ ಅಣ್ಣ. ಏಟು ತಿಂದವನೂ ನನ್ನ ಅಣ್ಣ. ಇಷ್ಟೆಲ್ಲ ಇಟ್ಟುಕೊಂಡು ನಾನೇ ಆ ಪ್ರಬಂಧವನ್ನು ಹಿಂದಕ್ಕೆ ತೆಗೆದರೆ, ದುಶ್ಯಂತ್ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಏನು ವ್ಯತ್ಯಾಸ? ಸಂಪಾದಕಿ ತನ್ನ ಕುರಿಗಾಗಿ ಸೇಡು ತೀರಿಸಿಕೊಂಡಳು ಎಂದು ಕಂಪನಿಯ ವಕೀಲರು ಒಂದೇ ಗಂಟೆಯಲ್ಲಿ ಎಲ್ಲವನ್ನೂ ಹೊಡೆದುಹಾಕುತ್ತಾರೆ. ಸುಳ್ಳು ಹಾಳೆ ಗೋಡೆಯ ಮೇಲೆಯೇ ಉಳಿಯುತ್ತದೆ.

ನನಗೆ ಸಂಬಂಧಿಸಿದ್ದನ್ನು ಒಂದೂ ಬಿಡದೆ ಬರೆದು, ಇದರ ತೀರ್ಮಾನವನ್ನು ಬೇರೆಯವರಿಗೆ ಒಪ್ಪಿಸುತ್ತೇನೆ. ತನುಜಾ ಅಂತ, ಒಡಿಶಾದಲ್ಲಿ ಕೆಲಸ ಮಾಡುತ್ತಾರೆ. ನನ್ನನ್ನೂ ನೋಡಿಲ್ಲ, ದುಶ್ಯಂತರನ್ನೂ ನೋಡಿಲ್ಲ.

ಸುಮನಾ

*

ಕಡೂರು
18 ಮಾರ್ಚ್ 2025

ಸುಮನಾ,

ತಂತಿ ಬಿಚ್ಚಿದ್ದಾರೆ. ಮಾತಾಡಬಹುದು. ಆದರೂ ಬರೆಯುತ್ತೇನೆ, ಬಾಯಿ ಬಿಟ್ಟರೆ ಜಾಸ್ತಿ ಆಡಿಬಿಡುತ್ತೇನೆ.

ನಿನಗೆ ಹುಚ್ಚೇ? ಮನೆಗೆ ಕಳ್ಳ ನುಗ್ಗಿದಾಗ, ‘ಇದು ನನ್ನ ಮನೆ, ನಾನು ಹೊಡೆಯಬಾರದು, ಒಡಿಶಾದಿಂದ ಯಾರಾದರೂ ಬನ್ನಿ’ ಅಂತ ಕೂಗುತ್ತಾರೆಯೇ? ಕುರಿಯ ವಿಷಯ ಗೊತ್ತಿರುವವರು ನಾವು ಮತ್ತು ಲಕ್ಕಣ್ಣನ ಮನೆಯವರು. ಕಿವಿಯ ತುದಿ ಕತ್ತರಿಸಿಬಿಟ್ಟರೆ ಕಚ್ಚೂ ಇಲ್ಲ, ನಿನ್ನ ಕುರಿಯೂ ಅಲ್ಲ. ಫೋಟೋದಲ್ಲಿರುವುದು ಲಕ್ಕಣ್ಣನ ಗೊಡ್ಡು ಅಂತ ಅವನೇ ಹೇಳುತ್ತಾನೆ. ನೀನು ಸಂಪಾದಕಿಯಾಗಿಯೇ ಇರು, ನೀನೇ ಅಳಿಸು. ಕತ್ತರಿ ನನ್ನ ಹತ್ತಿರ ಇದೆ. ಒಂದು ಮಾತು ಹೇಳು ಸಾಕು.

ಅಣ್ಣ

*

ಕಾಲೇಜು ಕ್ವಾರ್ಟರ್ಸ್
24 ಮಾರ್ಚ್ 2025

ಅಣ್ಣಾ,

ಕಿವಿ ಮುಟ್ಟಬೇಡ.

ಎಲ್ಲವನ್ನೂ ತನುಜಾ ಅವರಿಗೆ ಕಳಿಸಿಯಾಯಿತು. ಅವರು ಮುಂದಿನ ತಿಂಗಳು ಯಗಟಿಗೆ ಬಂದು ಕುರಿ ನೋಡುತ್ತಾರೆ. ಆಪಾದನೆ ಏನೆಂದು ದುಶ್ಯಂತರಿಗೂ ಮೊದಲೇ ತಿಳಿಸಿ ಉತ್ತರ ಕೇಳಬೇಕು, ಅದು ನಿಯಮ. ನಾನು ಆ ಜಾಗದಲ್ಲಿದ್ದರೂ ಹಾಗೇ ಮಾಡುತ್ತಿದ್ದೆ.

ಸುಮನಾ

*

ಕಡೂರು
17 ಏಪ್ರಿಲ್ 2025

ಸುಮನಾ,

ನಿನ್ನ ನಿಯಮ ಯಗಟಿಗೆ ಬಂತು. ಎರಡು ಬೈಕಿನಲ್ಲಿ ನಾಲ್ಕು ಜನ.

ಮಂಗಳವಾರ ಬೆಳಗ್ಗೆ ಲಕ್ಕಣ್ಣ ಕುರಿ ಬಿಡುವ ಹೊತ್ತು. ಅವನ ಹೆಂಡತಿ ಅಂಜಿನಮ್ಮ ಸೀಮೆಹುಲ್ಲು ಕೊಯ್ಯುತ್ತಿದ್ದಳು. ನಾನು ಆಸ್ಪತ್ರೆಯಲ್ಲಿ ಅವಳ ಬಾಯಿಂದ ಕೇಳಿದ್ದನ್ನು ಬರೆಯುತ್ತಿದ್ದೇನೆ.

ಬಂದವರು ಮೊದಲು ಮರ್ಯಾದೆಯಿಂದಲೇ ಕೇಳಿದರಂತೆ, “ಯಜಮಾನ್ರೇ, ಕಿವಿ ಸೀಳಿರೋ ಗೊಡ್ಡು ಯಾವ್ದು? ಬಾಡೂಟಕ್ಕೆ ಬೇಕಿತ್ತು. ಕೇಳಿದ್ದು ಕೊಡ್ತೀವಿ.”

“ಅದು ನಮ್ದಲ್ಲ. ಹೆಣ್ಮಗಳ ಪಾಲಿಂದು. ಮಾರಂಗಿಲ್ಲ.”

“ಮಾರ್ಬೇಡಪ್ಪ, ಹಂಗೇ ಕೊಡು” ಅಂತ ಒಬ್ಬ ರೊಪ್ಪಕ್ಕೆ ಕೈಹಾಕಿದ.

ಲಕ್ಕಣ್ಣ ಅಡ್ಡ ನಿಂತ. ದೊಣ್ಣೆಯಿಂದ ಮೊದಲು ಮೊಣಕಾಲಿಗೆ ಹೊಡೆದರು. ಕೂತ. ಕೂತವನು ಕುರಿಯ ಕಾಲನ್ನು ಬಿಡಲಿಲ್ಲ. ಆಮೇಲೆ ಕೈಗೆ ಹೊಡೆದರು. ಆಗಲೂ ಬಿಡಲಿಲ್ಲವಂತೆ, ಬಗ್ಗಿ ಅದರ ಮೇಲೆ ಮಲಗಿಬಿಟ್ಟ. ಆಮೇಲೆ ಎಲ್ಲಿಗೆ ಹೊಡೆದರು ಅಂತ ಅಂಜಿನಮ್ಮ ಹೇಳಲಿಲ್ಲ, ನಾನು ಕೇಳಲಿಲ್ಲ. ತಲೆಯ ಬಟ್ಟೆ ಬಿಚ್ಚಿದಾಗ ನೋಡಿದೆ.

ಅವಳು ಕುಡುಗೋಲು ಸಮೇತ ಓಡಿ ಬಂದಳು. “ಹುಲ್ಲು ಕೊಯ್ಯೋ ಕೈ, ಎತ್ತರ ಅಂದಾಜಾಗ್ಲಿಲ್ಲ” ಅಂದಳು. ಕುತ್ತಿಗೆಗೆ ಬೀಸಿದ್ದು ಕಿವಿಗೆ ಬಿತ್ತು. ಒಬ್ಬನ ಎಡಗಿವಿ ತುದಿಯಿಂದ ಬುಡದವರೆಗೆ ಎರಡು ಸೀಳು. ಅವನು ಕಿವಿ ಹಿಡಿದುಕೊಂಡು ಕೂಗಿದ್ದಕ್ಕೆ ಉಳಿದವರು ಬೈಕ್ ಹತ್ತಿದರು. ತರೀಕೆರೆಯಲ್ಲಿ ಹೊಲಿಗೆ ಹಾಕಿಸಲು ಹೋಗಿ ಸಿಕ್ಕಿಬಿದ್ದ. ಲೆಕ್ಕದ ಪ್ರಕಾರ ಈಗ ಅವನೂ ನಿನ್ನ ಮಂದೆಗೆ ಸೇರಿದವನು.

ಲಕ್ಕಣ್ಣ ಬುಧವಾರ ಮಧ್ಯಾಹ್ನ ತೀರಿಕೊಂಡ. ಕುರಿ ಚೆನ್ನಾಗಿದೆ.

ಕನಕರಾಜುವನ್ನು ಪೊಲೀಸರು ಮಣ್ಣಿಗೆ ಕರೆತಂದಿದ್ದರು. ನಾನೂ ಹೋಗಿದ್ದೆ. ಅವನ ಕೈಯಲ್ಲಿ ಬೇಡಿ, ನನ್ನ ಬಾಯಲ್ಲಿ ಹಲ್ಲಿಲ್ಲ. ಹಿಡಿ ಮಣ್ಣು ಹಾಕಿ ಬಂದೆ.

ದುಶ್ಯಂತರಿಗೆ ಮೊದಲೇ ತಿಳಿಸದಿದ್ದರೆ? ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆದಾಯಿತು.

ಓಂಕಾರಮೂರ್ತಿ

*

ಕಾಲೇಜು ಕ್ವಾರ್ಟರ್ಸ್
30 ಏಪ್ರಿಲ್ 2025

ಅಣ್ಣಾ,

ನಾಲ್ಕು ಸಲ ಬರೆದು ಹರಿದೆ.

ನನ್ನ ಮದುವೆಗೆ ಲಕ್ಕಣ್ಣ ಕಂಬಳಿ ತಂದಿದ್ದ. ವಾಸನೆ ಎಂದು ಅದನ್ನು ಮೇಲಿನ ಅಟ್ಟಕ್ಕೆ ಹಾಕಿದ್ದೆ. ಅವ್ವ ಬಂದಾಗ ಅದನ್ನು ಇಳಿಸಿ ಹೊದ್ದುಕೊಂಡಳು. ಆಗ ನಾನು ಅವಳಿಗೂ ಅದೇ ವಾಸನೆಯ ಮಾತು ಅಂದದ್ದು ನಿನಗೆ ಗೊತ್ತು. ಅವ್ವ ಹೋದ ಹನ್ನೊಂದನೇ ದಿನ ನೀನು ಎಲ್ಲರ ಮುಂದೆ ಹೇಳಿದ್ದು ಅದನ್ನೇ. ನಿನ್ನೆ ಕಂಬಳಿ ಇಳಿಸಿದೆ.

ತನುಜಾ ಬಂದು ಕುರಿ ನೋಡಿದರು, ಅಂಜಿನಮ್ಮನ ಹೇಳಿಕೆ ಬರೆದುಕೊಂಡರು. ಅವರಿಗೆ ಇನ್ನೊಂದು ಬೇಕಂತೆ: ದುಶ್ಯಂತ್ ಕಂಪನಿಯವರು ಎನ್ನುವುದಕ್ಕೆ ಸಾಕ್ಷಿ. ಅದು ನಿನ್ನ ಹತ್ತಿರ ಇದೆ. ಕೊಟ್ಟರೆ ಡೀಲರ್‌ಶಿಪ್ ಹೋಗುತ್ತದೆ, ಕಂಪನಿಯವರು ಇನ್ನೇನು ಮಾಡುತ್ತಾರೋ ಗೊತ್ತಿಲ್ಲ. ಕೊಡು ಎಂದು ನಾನು ಕೇಳುವ ಹಾಗಿಲ್ಲ. ನಾನು ನಿನ್ನ ತಂಗಿ.

ಸುಮನಾ

*

ಕಡೂರು
12 ಜುಲೈ 2025

ಸುಮನಾ,

ತಡವಾಯಿತು. ಒಂದೊಂದಾಗಿ ಹೇಳುತ್ತೇನೆ.

ನಿನ್ನ ಕಾಗದ ಬಂದ ಮಾರನೇ ದಿನ ಕಾಂತರಾಜು ಅಂಗಡಿಗೆ ಎಳನೀರು ತಂದಿದ್ದ. ಸ್ಟ್ರಾ ಸಮೇತ, ನನ್ನ ದವಡೆಯ ಮೇಲೆ ಅಷ್ಟು ಕಾಳಜಿ. “ಅಣ್ಣಾ, ಶಿವಮೊಗ್ಗಾನೂ ನಿಮಗೇ ಬರ್ದುಬಿಡ್ತೀವಿ. ಆ ಥೈಲ್ಯಾಂಡ್ ಫೋಟೋ ಒಂದ್ ಡಿಲೀಟ್ ಮಾಡಿ” ಅಂದ.

“ಯಗಟಿಗೆ ಹುಡುಗ್ರನ್ನ ಕಳ್ಸಿದ್ದು ನೀನೇನಪ್ಪಾ?” ಅಂದೆ.

“ಛೇ ಛೇ! ಕುರಿ ತರೋಕ್ ಹೇಳಿದ್ವಿ ಅಷ್ಟೇ. ಮನುಷ್ಯನ್ನ ಮುಟ್ಟಿ ಅಂತ ಯಾರ್ ಹೇಳಿದ್ರು?”

ಮೂರು ತಾಲ್ಲೂಕಿನ ಜೊತೆಗೆ ಶಿವಮೊಗ್ಗ. ಗೂಡ್ಸ್ ಶೆಡ್ಡಿನವನಿಗೆ ಇಡೀ ಜಿಲ್ಲೆ. ಒಂದು ಗಳಿಗೆ ಎಣಿಸಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಎಳನೀರಿನ ಬುರುಡೆಯನ್ನು ಅವನ ಮುಖಕ್ಕೆ ಇಟ್ಟೆ. ಮೂಗು ಮುರಿಯಿತು. ಕನಕರಾಜುಗೆ ಯಾಕೆ ಅಷ್ಟು ಹಿತವಾಯಿತೋ ಅಂತ ಆಗ ಗೊತ್ತಾಯಿತು. ಕಾಂತರಾಜು ಹೇಳಿದ್ದು ಅಂಗಡಿ ಗೋಡೆಯ ಕ್ಯಾಮೆರಾದಲ್ಲಿ ಇತ್ತು. ಅದು ಪೊಲೀಸರಿಗೆ ಹೋಯಿತು. ಫೋಟೋ ತನುಜಾ ಅವರಿಗೆ ಹೋಯಿತು. ಜೊತೆಗೆ ನನ್ನ ಹೇಳಿಕೆ: ಪ್ರವಾಸ ನಾನು ತೆಗೆದುಕೊಂಡೆ, ಮಂದೆ ನಾನು ಕೊಡಿಸಿದೆ, ಮಾರಿ ಲಾಭ ನಾನು ತಿಂದೆ, ಇದರಲ್ಲಿ ನನ್ನ ತಂಗಿಯ ಕುರಿಯೂ ಇತ್ತು. ಕೆಳಗೆ ಸಹಿ.

ಮುಂಗಾರಿಗೆ ಮುಂಚೆಯೇ ಜರ್ನಲ್ಲು ಆ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡಿತು. ಹಾಗೆಂದು ಅಚ್ಚಾದ, ನೀನು ಕಳಿಸಿದ ಹಾಳೆಯನ್ನು ಲ್ಯಾಮಿನೇಷನ್ ಮಾಡಿಸಿ, ಕಡೂರು, ತರೀಕೆರೆ, ಅಜ್ಜಂಪುರದ ಅಂಗಡಿಗಳಿಗೆಲ್ಲ ನಾನೇ ಹೋಗಿ, ಹಳೆಯದನ್ನು ಕಿತ್ತು ಅದೇ ಮೊಳೆಗೆ ನೇತುಹಾಕಿದೆ. ಅಜ್ಜಂಪುರದವನು ತಕರಾರು ತೆಗೆದ. ಕಾಂತರಾಜುವಿನ ಮೂಗಿನ ಸುದ್ದಿ ಹೇಳಿದೆ, ಮೊಳೆ ಅವನೇ ಹೊಡೆದ. ಈ ಸಲ ಕುಡಿಸಿದವರಿಲ್ಲ.

ಹಾಳೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಪಿಯುಸಿ ಓದುವ ಪಕ್ಕದ ಮನೆಯ ಹುಡುಗಿಯ ಕೈಲಿ ಓದಿಸಿದೆ. ‘ಈ ಮಂದೆಯಲ್ಲಿ ಆಗಿನ ಸಂಪಾದಕಿಯ ಕುರಿಗಳಿದ್ದವು; ಆದ್ದರಿಂದ ಅವರು ಈ ತೀರ್ಮಾನದಲ್ಲಿ ಭಾಗವಹಿಸಿಲ್ಲ’ ಅಂತ. ‘ಆಗಿನ’ ಅಂದರೆ ಏನು ಅಂತ ನೀನು ನನಗೆ ಬರೆಯಲೇ ಇಲ್ಲ. ಕುರ್ಚಿ ಬಿಟ್ಟೆಯಾ?

ಕನಕರಾಜುವಿನ ಕೇಸಿನಲ್ಲಿ ಜಡ್ಜು ನನ್ನನ್ನು ಕೇಳಿದರು. ಹೊಡೆದದ್ದು ಹೌದು ಸ್ವಾಮಿ, ಅವನ ಕೈಗೆ ಹಾರೆ ಕೊಟ್ಟದ್ದು ನನ್ನ ಗೋಡೆ ಮೇಲಿದ್ದ ಕಾಗದ, ಅಂದೆ. ಜಾಮೀನು ಸಿಕ್ಕಿತು. ಹೊರಗೆ ಬಂದವನು ನನ್ನ ಬಾಯನ್ನೇ ನೋಡಿ, “ಹಲ್ಲು ಕಟ್ಟಿಸ್ಕೊಳ್ಳೋ ಸಾವ್ಕಾರ, ನೋಡಕ್ಕಾಗಲ್ಲ” ಅಂದ. ಅಷ್ಟೇ. ಆದರೆ ಅಷ್ಟು ಅಂದನಲ್ಲ.

ಇನ್ನು ಯಾರಿಗೆ ಏನು ಬಂತು ಅಂತ ಬರೆದು ಮುಗಿಸುತ್ತೇನೆ.

ದುಶ್ಯಂತರಿಗೆ: ಕಾಲೇಜಿನಿಂದ ವಿಚಾರಣೆ, ಇನ್ನೊಂದು ಕಂಪನಿಯಿಂದ ಕೆಲಸ.

ಭಾವಮೈದುನನಿಗೆ: ಏನೂ ಇಲ್ಲ. ಅವನ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ.

ಕಂಪನಿಗೆ: ಅದೇ ಔಷಧಿಗೆ ಹೊಸ ಹೆಸರು, ಮೇಲೆ ‘ಗಬ್ಬದ ಕುರಿಗೆ ಬೇಡ’ ಅಂತ ಕೆಂಪು ಅಕ್ಷರ.

ಕಾಂತರಾಜುಗೆ ಮತ್ತು ಅವನ ನಾಲ್ವರಿಗೆ: ಜೈಲು. ಒಬ್ಬನಿಗೆ ಕಚ್ಚು ಹೆಚ್ಚಿಗೆ.

ಅಂಜಿನಮ್ಮನಿಗೆ: ಒಂದು ಸೋಲಾರ್ ದೀಪ. ಮೊದಲೇ ಇತ್ತು.

ನನಗೆ: ಜಗಿದರೆ ಕಟಕಟ ಅನ್ನುವ ದವಡೆ, ಒಂದೇ ಅಂಗಡಿ, ಬರೀ ಹಿಂಡಿ ವ್ಯಾಪಾರ.

ನಿನಗೆ: ಸಣ್ಣ ಅಕ್ಷರದಲ್ಲಿ ಎರಡು ಸಾಲು, ಒಂದು ಕಂಬಳಿ, ಒಂದು ಕುರಿ. ಅದನ್ನು ಪಾಲಿಗೆ ಸಾಕುವವರು ಈಗ ಯಾರು ಅಂತ ಅಂಜಿನಮ್ಮ ಕೇಳುತ್ತಿದ್ದಾಳೆ. ಬಂದು ನೀನೇ ಹೇಳು.

ಲಕ್ಕಣ್ಣನಿಗೆ: ಮೂರು ಮೊಳ ಮಣ್ಣು.

ಕುರಿಗೆ: ಎರಡು ಕಿವಿ.

ಇಂತಿ,
ಅಣ್ಣ